ಅರವತ್ತು ಹನಿಗಳ ಲೆಕ್ಕ

ಒಂದು ಮಿಲಿಲೀಟರ್ ದ್ರವವನ್ನು ಸೂಜಿಯ ಮೂಲಕ ಬಿಟ್ಟರೆ 60 ಹನಿ ಬೀಳಬೇಕು. ಎರಡು ಹನಿ ಹೆಚ್ಚೋ ಕಡಿಮೆಯೋ ಆದರೆ ನಡೆಯುತ್ತದೆ. ಅದಕ್ಕಿಂತ ವ್ಯತ್ಯಾಸವಾದರೆ ಆ ಸೂಜಿಯನ್ನು ಬಳಸುವಂತಿಲ್ಲ. ಸಿಫಿಲಿಸ್ ಪತ್ತೆಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯ ನಿಯಮವಿದು. ಗರ್ಭಿಣಿಯರ ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ಅನೇಕರು ನೋಡಿರುತ್ತಾರೆ. ಅದರ ಮುಂದೆ ಬರೆದ ಒಂದು ಪದವನ್ನು ನಂಬಬಹುದೇ ಎಂಬುದು ಇಂಥ ಸಣ್ಣ ಲೆಕ್ಕಗಳ ಮೇಲೆ ನಿಂತಿದೆ.

ಸಿಫಿಲಿಸ್ ತರುವ ಬ್ಯಾಕ್ಟೀರಿಯಾವನ್ನು ಸಾಮಾನ್ಯ ಪ್ರಯೋಗಾಲಯದಲ್ಲಿ ಬೆಳೆಸಲಾಗದು. ಹಾಗಾಗಿ ಅದು ರಕ್ತದಲ್ಲಿ ಬಿಟ್ಟ ಸುಳಿವನ್ನೇ ಹುಡುಕಬೇಕು. 1906ರಲ್ಲಿ ಬರ್ಲಿನ್ನಿನ ಆಗಸ್ಟ್ ವಾಸರ್‌ಮನ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಕಂಡರು. ಸಿಫಿಲಿಸ್‌ನಿಂದ ಸತ್ತ ಶಿಶುವಿನ ಯಕೃತ್ತಿನ ಸಾರವನ್ನು ಅವರು ಪರೀಕ್ಷೆಗೆ ಬಳಸಿದರು. ಆರೋಗ್ಯವಂತ ಎತ್ತಿನ ಹೃದಯದ ಸಾರದಿಂದಲೂ ಅದೇ ಕೆಲಸವಾಗುತ್ತದೆ ಎಂದು ಬೇಗನೆ ಗೊತ್ತಾಯಿತು. ಏಕೆಂದು ಯಾರಿಗೂ ತಿಳಿಯಲಿಲ್ಲ. ಪ್ರತಿ ಪ್ರಯೋಗಾಲಯವೂ ತನ್ನದೇ ಸಾರ ತಯಾರಿಸಿಕೊಂಡಿತು. ಒಂದೇ ರಕ್ತಕ್ಕೆ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎಂಬ ಉತ್ತರ ಬರತೊಡಗಿತು.

ಈ ಗೊಂದಲ ಬಿಡಿಸಲು ರಾಷ್ಟ್ರಸಂಘ 1923 ಮತ್ತು 1928ರಲ್ಲಿ ಕೋಪನ್‌ಹೇಗನ್‌ನಲ್ಲಿ, 1930ರಲ್ಲಿ ಮಾಂಟೆವಿಡಿಯೊದಲ್ಲಿ ಬೇರೆ ಬೇರೆ ದೇಶಗಳ ತಜ್ಞರನ್ನು ಸೇರಿಸಿತು. ಒಂದೇ ಮಾದರಿಗಳನ್ನು ಎಲ್ಲರಿಗೂ ಹಂಚಿ ಉತ್ತರಗಳನ್ನು ಹೋಲಿಸಿದರು. ಇಂದು ಪ್ರಯೋಗಾಲಯಗಳ ಬಾಹ್ಯ ಗುಣಮಟ್ಟ ಪರಿಶೀಲನೆ ಎನ್ನುವ ಪದ್ಧತಿಯ ಹಳೆಯ ಬೇರುಗಳಲ್ಲಿ ಇದೂ ಒಂದು. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಹೃದಯದ ಸಾರದಿಂದ ಕಾರ್ಡಿಯೊಲಿಪಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಿದರು. 1946ರಲ್ಲಿ ಅದನ್ನು ಆಧರಿಸಿ ಅಮೆರಿಕದಲ್ಲಿ ವಿಡಿಆರ್‌ಎಲ್ ರೂಪುಗೊಂಡಿತು. ಅದನ್ನು ರೂಪಿಸಿದ ಪ್ರಯೋಗಾಲಯದ ಹೆಸರೇ ಪರೀಕ್ಷೆಗೂ ಬಂತು. ಭಾರತದಲ್ಲಿ ಇದರ ಆಂಟಿಜೆನ್ ತಯಾರಿಸುತ್ತ ಬಂದದ್ದು ಕೋಲ್ಕತ್ತದ ಸೀರಾಲಜಿ ಸಂಸ್ಥೆ.

ಆಂಟಿಜೆನ್ ಒಂದೇ ಆದರೂ ಅದನ್ನು ಬಳಸುವ ಕೋಣೆಗಳು ಒಂದೇ ಅಲ್ಲ. ಪರೀಕ್ಷೆ ನಡೆಯುವ ಕೋಣೆ 23ರಿಂದ 29 ಡಿಗ್ರಿಯೊಳಗಿರಬೇಕು. ಅಹಮದಾಬಾದಿನ ಮೇ ತಿಂಗಳು 40 ದಾಟುತ್ತದೆ. ಗಾಜಿನ ಫಲಕವನ್ನು ಯಂತ್ರ ನಿಮಿಷಕ್ಕೆ 180 ಸುತ್ತಿನಂತೆ ನಾಲ್ಕು ನಿಮಿಷ ತಿರುಗಿಸಬೇಕು. ಬೆಳಗ್ಗೆ ಕಲಸಿದ ಆಂಟಿಜೆನ್ ದ್ರಾವಣ ಮರುದಿನಕ್ಕೆ ಬರದು. ಇನ್ನೊಂದು ತೊಡಕೂ ಇದೆ. ರಕ್ತದಲ್ಲಿ ಪ್ರತಿಕಾಯ ವಿಪರೀತ ಹೆಚ್ಚಿದ್ದರೆ ಉತ್ತರ ‘ಇಲ್ಲ’ ಎಂದೇ ಬರಬಹುದು. ಅದೇ ರಕ್ತವನ್ನು ತೆಳುಗೊಳಿಸಿ ನೋಡಿದಾಗ ಮಾತ್ರ ನಿಜ ಕಾಣುತ್ತದೆ.

ಪರೀಕ್ಷೆಯೇ ಬೇಡ, ಲಕ್ಷಣ ನೋಡಿ ಮದ್ದು ಕೊಟ್ಟರಾಯಿತು ಎಂಬ ಮಾರ್ಗವೂ ಇದೆ. ಭಾರತದ ಸರ್ಕಾರಿ ಚಿಕಿತ್ಸಾಲಯಗಳು ಬಣ್ಣಬಣ್ಣದ ಔಷಧಿ ಕಿಟ್‌ಗಳೊಂದಿಗೆ ಇದನ್ನು ಅನುಸರಿಸಿವೆ. ಪ್ರಯೋಗಾಲಯವಿಲ್ಲದ ಕಡೆ ಇದರಿಂದ ಅದೇ ದಿನ ಚಿಕಿತ್ಸೆ ಸಿಗುತ್ತದೆ. ಆದರೆ ಇದರ ಮಿತಿ ಕಂಡದ್ದು ಸೂರತ್‌ನಲ್ಲಿ. ಅಲ್ಲಿನ 118 ಲೈಂಗಿಕ ಕಾರ್ಯಕರ್ತೆಯರ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸಿಫಿಲಿಸ್ ಪತ್ತೆಯಾಯಿತು. ಆದರೆ ತಪಾಸಣೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ಲೈಂಗಿಕ ರೋಗದ ಯಾವ ಲಕ್ಷಣವೂ ಇರಲಿಲ್ಲ. ಲಕ್ಷಣವೇ ಇಲ್ಲದವರಿಗೆ ಪ್ರಯೋಗಾಲಯವೊಂದೇ ಗತಿ.

ಹಾಗಾದರೆ ಪ್ರಯೋಗಾಲಯವನ್ನು ಪರೀಕ್ಷಿಸುವವರು ಯಾರು? ದೇಶದ ಕೆಲವೇ ಪ್ರಾದೇಶಿಕ ಲೈಂಗಿಕ ಸೋಂಕು ತರಬೇತಿ ಮತ್ತು ಉಲ್ಲೇಖ ಕೇಂದ್ರಗಳಲ್ಲಿ ಒಂದು ವಡೋದರಾದ ವೈದ್ಯಕೀಯ ಕಾಲೇಜಿನಲ್ಲಿದೆ. ಇಂಥ ಕೇಂದ್ರಗಳ ಕೆಲಸದಲ್ಲಿ ಕೋಪನ್‌ಹೇಗನ್‌ನ ಹಳೆಯ ಉಪಾಯವೂ ಸೇರಿದೆ. ಉತ್ತರ ಮೊದಲೇ ಗೊತ್ತಿರುವ ಸೀರಮ್ಮನ್ನು ಸಂಕೇತಸಂಖ್ಯೆ ಹಾಕಿ ಕೆಳಗಿನ ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಬಂದ ಉತ್ತರ ತಪ್ಪಿದರೆ ಸೂಜಿ, ಯಂತ್ರ, ತಾಪಮಾನ ಎಲ್ಲವನ್ನೂ ಮತ್ತೆ ನೋಡಬೇಕು.

ತಪ್ಪಿನ ಬೆಲೆ ಎರಡೂ ಕಡೆ ಇದೆ. ಕುಷ್ಠ, ಮಲೇರಿಯಾ ಇದ್ದವರಲ್ಲಿ, ಕೆಲವೊಮ್ಮೆ ಬರೀ ಬಸಿರಿನಲ್ಲೂ ವಿಡಿಆರ್‌ಎಲ್ ಸುಳ್ಳೇ ‘ಹೌದು’ ಎನ್ನಬಹುದು. ಬೇರೆ ಪರೀಕ್ಷೆಯಿಂದ ಖಚಿತಪಡಿಸದೆ ಹೇಳಿದರೆ ಆ ಮಾತು ಒಂದು ಸಂಸಾರವನ್ನೇ ಅಲುಗಾಡಿಸುತ್ತದೆ. ‘ಇಲ್ಲ’ ಎಂದು ತಪ್ಪಿದರೆ ಗರ್ಭಿಣಿಗೆ ಸಿಗಬೇಕಾದ ಪೆನಿಸಿಲಿನ್ ಸಿಗುವುದಿಲ್ಲ. ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ರೋಗದೊಂದಿಗೆ ಹುಟ್ಟಬಹುದು.

ಸಂಕೇತಸಂಖ್ಯೆಯ ನಳಿಗೆಯ ಹಿಂದೆ ಉತ್ತರಕ್ಕಾಗಿ ಕಾಯುವ ರೋಗಿ ಇಲ್ಲ. ಅಲ್ಲಿ ತಪ್ಪಿದರೆ ಯಾರಿಗೂ ನೋವಾಗದು, ತಿದ್ದಿಕೊಳ್ಳಲು ಸಮಯವಿರುತ್ತದೆ. ಮರುದಿನ ಅದೇ ಮೇಜಿಗೆ ಬರುವ ನಳಿಗೆಗಳ ಮೇಲೆ ಹೆಸರಿರುತ್ತದೆ.