ಪ್ರೊಗ್ರೆಸಿವ್ ರೀಲೋಡಿಂಗ್ ಪ್ರೆಸ್ ಕೊಳ್ಳುವ ಮುನ್ನ: ವೇಗಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು

ಅಮೆರಿಕದಲ್ಲಿ ಶೂಟಿಂಗ್ ಸ್ಪರ್ಧೆಗಳಲ್ಲಿ ಭಾಗವಹಿಸುವ ಅನೇಕರು ತಮ್ಮ ಕಾಡತೂಸುಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಹಾರಿಸಿದ ಬಳಿಕ ಉಳಿಯುವ ಹಿತ್ತಾಳೆ ಕೇಸ್‌ಗೆ ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮತ್ತೆ ಬಳಸುವ ಈ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ಸ್ವಂತ ಬಳಕೆಗೆ ಹೀಗೆ ಮಾಡಲು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಮಾರಾಟಕ್ಕಾಗಿ ತಯಾರಿಸುವವರಿಗೆ ಮಾತ್ರ ಲೈಸೆನ್ಸ್ ಕಡ್ಡಾಯ. ಭಾರತದಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. ಇಲ್ಲಿ ಈ ಯಂತ್ರವೇ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದರ ವಿವರ ಕೊನೆಯಲ್ಲಿದೆ.

ಪ್ರೊಗ್ರೆಸಿವ್ ಪ್ರೆಸ್ ಎಂದರೇನು?

ಸಾಧಾರಣ ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ ಕೂರುತ್ತದೆ. ಎಲ್ಲ ಕೇಸ್‌ಗಳಿಗೂ ಒಂದು ಹಂತ ಮುಗಿಸಿ, ಡೈ ಬದಲಿಸಿ, ಮುಂದಿನ ಹಂತಕ್ಕೆ ಹೋಗಬೇಕು. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಎಲ್ಲ ಡೈಗಳೂ ಒಟ್ಟಿಗೆ ಇರುತ್ತವೆ. ಕೆಳಗಿನ ಶೆಲ್ ಪ್ಲೇಟ್ ತಿರುಗಿದಂತೆ ಕೇಸ್ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಸಾಗುತ್ತದೆ. ಹಳೆಯ ಪ್ರೈಮರ್ ತೆಗೆದು ಕೇಸನ್ನು ಮೂಲ ಅಳತೆಗೆ ತರುವುದು, ಹೊಸ ಪ್ರೈಮರ್ ಕೂರಿಸುವುದು, ಮದ್ದು ಹಾಕುವುದು, ಗುಂಡು ಕೂರಿಸುವುದು, ಬಾಯಿ ಬಿಗಿಯುವುದು ಎಲ್ಲವೂ ಬೇರೆ ಬೇರೆ ಕೇಸ್‌ಗಳ ಮೇಲೆ ಏಕಕಾಲಕ್ಕೆ ನಡೆಯುತ್ತವೆ. ಎಲ್ಲ ಸ್ಟೇಷನ್ ತುಂಬಿದ ಮೇಲೆ ಹಿಡಿಕೆ ಎಳೆದಾಗಲೆಲ್ಲ ಒಂದು ಕಾಡತೂಸು ಸಿದ್ಧ.

ಅಪಾಯ ಎಲ್ಲಿದೆ?

ಗಂಟೆಗೆ ಎಷ್ಟು ಕಾಡತೂಸು ಎಂಬುದೇ ಜಾಹೀರಾತುಗಳ ಮುಖ್ಯ ಮಾತು. ಆದರೆ ವೇಗ ಹೆಚ್ಚಿದಷ್ಟೂ ಪ್ರತಿ ಕೇಸ್ ಮೇಲಿನ ಗಮನ ಕಡಿಮೆಯಾಗುತ್ತದೆ. ಪಿಸ್ತೂಲಿನ ಹಲವು ಮದ್ದುಗಳು ಕೇಸ್‌ನ ಅರ್ಧಭಾಗವನ್ನೂ ತುಂಬುವುದಿಲ್ಲ. ಹೀಗಾಗಿ ಒಂದೇ ಕೇಸ್‌ಗೆ ಎರಡು ಸಲ ಮದ್ದು ಬಿದ್ದರೂ ಹೊರಚೆಲ್ಲದೆ ಒಳಗೇ ಉಳಿಯಬಹುದು. ಅದನ್ನು ಹಾರಿಸಿದರೆ ಬಂದೂಕು ಒಡೆಯಬಹುದು.

ಮದ್ದೇ ಬೀಳದಿದ್ದರೂ ಅಪಾಯವಿದೆ. ಪ್ರೈಮರ್‌ನ ಬಲಕ್ಕೆ ಗುಂಡು ಸ್ವಲ್ಪ ದೂರ ಸರಿದು ನಳಿಕೆಯೊಳಗೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಮತ್ತೊಂದು ಗುಂಡು ಹಾರಿಸಿದರೆ ನಳಿಕೆ ಉಬ್ಬಬಹುದು ಅಥವಾ ಸೀಳಬಹುದು. ಆದ್ದರಿಂದ ಪ್ರತಿ ಕೇಸ್‌ಗೆ ಒಮ್ಮೆ, ಒಮ್ಮೆ ಮಾತ್ರ, ಮದ್ದು ಬಿದ್ದಿದೆ ಎಂದು ಖಚಿತಪಡಿಸಿಕೊಳ್ಳಲು ಯಾವ ಪ್ರೆಸ್ ಅನುಕೂಲ ಎಂಬುದೇ ಆಯ್ಕೆಯ ಮೊದಲ ಪ್ರಶ್ನೆಯಾಗಬೇಕು.

ಎಷ್ಟು ಸ್ಟೇಷನ್ ಬೇಕು?

ಡಿಲ್ಲನ್ ಕಂಪನಿಯ ಆರ್‌ಎಲ್ 550 ಮಾದರಿಯಲ್ಲಿ ನಾಲ್ಕು ಸ್ಟೇಷನ್‌ಗಳಿವೆ. ಗುಂಡು ಕೂರಿಸಲು ಮತ್ತು ಬಾಯಿ ಬಿಗಿಯಲು ಪ್ರತ್ಯೇಕ ಡೈ ಬಳಸಿದರೆ ಮದ್ದಿನ ಮಟ್ಟ ಪರೀಕ್ಷಿಸುವ ಡೈಗೆ ಜಾಗ ಉಳಿಯುವುದಿಲ್ಲ. ಅದೇ ಕಂಪನಿಯ ಎಕ್ಸ್‌ಎಲ್ 750 ಮತ್ತು ಹಾರ್ನಡಿಯ ಲಾಕ್-ಎನ್-ಲೋಡ್ ಎಪಿ ಮಾದರಿಗಳಲ್ಲಿ ಐದು, ಲೀ ಕಂಪನಿಯ ಸಿಕ್ಸ್ ಪ್ಯಾಕ್ ಪ್ರೊದಲ್ಲಿ ಆರು ಸ್ಟೇಷನ್‌ಗಳಿವೆ. ಇವುಗಳಲ್ಲಿ ಪರೀಕ್ಷಾ ಡೈ ಅಳವಡಿಸಬಹುದು. ಮದ್ದು ಹೆಚ್ಚು ಕಡಿಮೆಯಾದರೆ ಕೆಲವು ಡೈಗಳು ಸದ್ದು ಮಾಡುತ್ತವೆ, ಕೆಲವು ಪ್ರೆಸ್ಸನ್ನೇ ತಡೆದು ನಿಲ್ಲಿಸುತ್ತವೆ. ಯಾವ ಡೈ ಇದ್ದರೂ ಕೇಸ್‌ನೊಳಗೆ ಕಣ್ಣಾಡಿಸುವುದು ತಪ್ಪುವುದಿಲ್ಲ. ಅದಕ್ಕೆ ನೆರವಾಗುವ ಪುಟ್ಟ ಎಲ್‌ಇಡಿ ದೀಪವನ್ನೂ ಪ್ರೆಸ್‌ಗೆ ಜೋಡಿಸಬಹುದು.

ಕೈಯಿಂದ ತಿರುಗಿಸುವುದೋ, ತಾನಾಗಿ ತಿರುಗುವುದೋ?

ಆರ್‌ಎಲ್ 550ರಲ್ಲಿ ಶೆಲ್ ಪ್ಲೇಟನ್ನು ಕೈಯಿಂದಲೇ ತಿರುಗಿಸಬೇಕು. ನಿಧಾನವಾಗಿ ಕಲಿಯುವವರಿಗೆ ಮತ್ತು ಅಡಚಣೆ ಸರಿಪಡಿಸುವಾಗ ಇದು ಸುಲಭ. ಆದರೆ ತಿರುಗಿಸಲು ಮರೆತು ಮತ್ತೆ ಹಿಡಿಕೆ ಎಳೆದರೆ ಅದೇ ಕೇಸ್‌ಗೆ ಇನ್ನೊಮ್ಮೆ ಮದ್ದು ಬೀಳುತ್ತದೆ. ತಾನಾಗಿ ತಿರುಗುವ ಮಾದರಿಗಳಲ್ಲಿ ಈ ಸಾಧ್ಯತೆ ಕಡಿಮೆ. ಆದರೂ ಮಧ್ಯೆ ಕೆಲಸ ನಿಂತರೆ ಗೊಂದಲಕ್ಕೆ ಅವಕಾಶವಿದೆ. ಸಂಶಯ ಬಂದ ಕೇಸನ್ನು ತೆಗೆದು ಖಾಲಿ ಮಾಡುವುದೇ ಸರಿಯಾದ ದಾರಿ.

ಲೆಕ್ಕಕ್ಕೆ ಸಿಗದ ಖರ್ಚು

ಪ್ರೆಸ್‌ನ ಬೆಲೆಯೇ ಪೂರ್ತಿ ಬೆಲೆಯಲ್ಲ. ಡೈ ಸೆಟ್, 0.1 ಗ್ರೇನ್‌ವರೆಗೆ, ಅಂದರೆ ಸುಮಾರು 6.5 ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, ಕ್ಯಾಲಿಪರ್, ಕೇಸ್ ಶುಚಿಗೊಳಿಸುವ ಯಂತ್ರ ಮತ್ತು ಪ್ರಕಟಿತ ಲೋಡಿಂಗ್ ಕೈಪಿಡಿ ಬೇಕು. ಇನ್ನೊಂದು ಕ್ಯಾಲಿಬರ್‌ಗೆ ಬದಲಾಗಲು ಪ್ರತ್ಯೇಕ ಕನ್ವರ್ಷನ್ ಕಿಟ್ ಬೇಕಾಗುತ್ತದೆ. ಹೆಚ್ಚಿನ ಪ್ರೆಸ್‌ಗಳು 7/8 ಇಂಚಿನ, 14 ಎಳೆಯ ಸಾಮಾನ್ಯ ಡೈಗಳನ್ನು ಸ್ವೀಕರಿಸುತ್ತವೆ. ಆದರೆ ಡಿಲ್ಲನ್‌ನ ಸ್ಕ್ವೇರ್ ಡೀಲ್ ಬಿ ಮಾದರಿಗೆ ಅದರದೇ ಡೈಗಳು ಬೇಕು, ಅದರಲ್ಲಿ ಪಿಸ್ತೂಲು ಮತ್ತು ರಿವಾಲ್ವರ್ ಕಾಡತೂಸುಗಳನ್ನಷ್ಟೇ ಮಾಡಬಹುದು.

ಒಂದೇ ಕ್ಯಾಲಿಬರನ್ನು ಹೆಚ್ಚು ಪ್ರಮಾಣದಲ್ಲಿ ಮಾಡುವವರಿಗೆ ಪ್ರೊಗ್ರೆಸಿವ್ ಸೂಕ್ತ. ತಿಂಗಳಿಗೆ ಕೆಲವೇ ಹತ್ತು ಹಾರಿಸುವವರಿಗೆ ಸಿಂಗಲ್ ಸ್ಟೇಜ್ ಸಾಕು. ಪ್ರೈಮರ್‌ನ ಮಸಿಯಲ್ಲಿ ಸೀಸ ಇರುವುದರಿಂದ ಕೈಗವಸು ಧರಿಸಬೇಕು, ಕೆಲಸದ ಮೇಜಿನ ಬಳಿ ತಿನ್ನಬಾರದು, ಮಕ್ಕಳನ್ನು ದೂರವಿಡಬೇಕು.

ಭಾರತದ ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಮದ್ದುಗುಂಡಿನ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ತಯಾರಿಕೆಗೆ 5ನೇ ಸೆಕ್ಷನ್, ಆಮದಿಗೆ 10ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕಡ್ಡಾಯ. 2019ರ ತಿದ್ದುಪಡಿಯ ಬಳಿಕ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಜೈಲು ಶಿಕ್ಷೆ ಇದೆ. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡತೂಸು ತಯಾರಿಸುವ ಹಕ್ಕು ಬರುವುದಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯೂ ತಯಾರಿಕೆಗೆ ಅನ್ವಯಿಸದು.

ಅಮೆರಿಕದಿಂದ ಮರಳುವ ಕನ್ನಡಿಗರು ಮನೆ ಸಾಮಾನಿನ ಜತೆ ಪ್ರೆಸ್, ಡೈ ಅಥವಾ ಖಾಲಿ ಕೇಸ್‌ಗಳನ್ನು ಪ್ಯಾಕ್ ಮಾಡದೆ, ಅಲ್ಲೇ ವಿಲೇವಾರಿ ಮಾಡಿ ಬರುವುದು ಕ್ಷೇಮ.