ಕರುಳಿನ ಸೂಕ್ಷ್ಮಜೀವಿಗಳು ಮತ್ತು ಸ್ಥೂಲಕಾಯ: ಒಂದು ಚಾರಿತ್ರಿಕ ಅವಲೋಕನ

ಸ್ಥೂಲಕಾಯದವರನ್ನು ಕಂಡೊಡನೆ ಅವರಿಗೆ ನಾಲಗೆಯ ಮೇಲೆ ಹಿಡಿತವಿಲ್ಲವೆಂದು ತೀರ್ಮಾನಿಸುವುದು ಲೋಕರೂಢಿ. ಇಂದ್ರಿಯನಿಗ್ರಹವನ್ನು ಬೋಧಿಸುವ ನಾವೂ ಎಷ್ಟೋ ಸಲ ಅರಿಯದೆಯೇ ಈ ರೂಢಿಗೆ ಪುಷ್ಟಿ ಕೊಟ್ಟಿದ್ದೇವೆ. ಮಿತಾಹಾರವು ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಬಗೆಯ ಪ್ರಸಾದವನ್ನು ಸ್ವೀಕರಿಸುವ ಇಬ್ಬರಲ್ಲಿ ಒಬ್ಬರು ಕೃಶರಾಗಿಯೂ ಮತ್ತೊಬ್ಬರು ಸ್ಥೂಲರಾಗಿಯೂ ಇರುವುದೇಕೆ? ವಂಶ, ವಯಸ್ಸು, ದುಡಿಮೆ, ನಿದ್ರೆ ಮೊದಲಾದ ಕಾರಣಗಳೊಡನೆ ನಮ್ಮ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೂ ಇದರಲ್ಲಿ ಪಾಲಿರಬಹುದೆಂದು ವಿಜ್ಞಾನವು ಇಂದು ಹೇಳುತ್ತಿದೆ. ಆ ಅರಿವು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಈ ಜೀವಿಗಳನ್ನು ಮೊದಲಿಗೆ ಕಂಡವರು ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತಾವೇ ಉಜ್ಜಿ ಸಿದ್ಧಪಡಿಸಿದ ಮಸೂರದ ಮೂಲಕ ಹಲ್ಲಿನ ಪಾಚಿಯಲ್ಲಿ ಚಲಿಸುವ ಜೀವಿಗಳನ್ನು ನೋಡಿ, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಎರಡು ಶತಮಾನಗಳ ತರುವಾಯ, 1885ರಲ್ಲಿ, ಥಿಯೋಡರ್ ಎಷೆರಿಶ್ ಎಂಬ ಮಕ್ಕಳ ವೈದ್ಯರು ಶಿಶುಗಳ ಕರುಳಿನ ಬ್ಯಾಕ್ಟೀರಿಯಗಳನ್ನು ವಿವರಿಸಿದರು. ಕ್ಷಯ, ಕಾಲರಾಗಳ ರೋಗಾಣುಗಳು ಪತ್ತೆಯಾಗುತ್ತಿದ್ದ ದಶಕವದು. ಸೂಕ್ಷ್ಮಜೀವಿಯೆಂದರೆ ವೈರಿಯೆಂಬ ಭಾವನೆಯೇ ಬಲವಾಗಿತ್ತು.

ಆ ಭಾವನೆಯನ್ನು ಸಡಿಲಿಸಿದವರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಎಲೀ ಮೆಚ್ನಿಕಾಫ್ ಪ್ರಮುಖರು. ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ ಅವರಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ದೊಡ್ಡ ಕರುಳಿನಲ್ಲಿ ಆಹಾರವನ್ನು ಕೊಳೆಯಿಸುವ ಜೀವಿಗಳು ವಿಷವನ್ನು ಉಂಟುಮಾಡಿ ಮುಪ್ಪನ್ನು ತರುತ್ತವೆ, ಹುಳಿಹಾಲಿನ ಜೀವಿಗಳು ಅವನ್ನು ಅಡಗಿಸಬಲ್ಲವು ಎಂಬುದು ಅವರ ಮತ. ಬಲ್ಗೇರಿಯದ ದೀರ್ಘಾಯುಷಿಗಳಾದ ರೈತರನ್ನು ಅವರು ನಿದರ್ಶನವಾಗಿ ಕೊಟ್ಟರು; ತಾವೂ ಪ್ರತಿನಿತ್ಯ ಹುಳಿಹಾಲನ್ನು ಸೇವಿಸಿದರು. 1916ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಬಲ್ಗೇರಿಯದ ಆ ಜೀವಿಯು ಮನುಷ್ಯನ ಕರುಳಿನಲ್ಲಿ ನೆಲೆನಿಲ್ಲುವುದಿಲ್ಲವೆಂಬುದು ಅನಂತರ ತಿಳಿದುಬಂದಿತು. ಅವರು ಕಟ್ಟಿದ ಸಿದ್ಧಾಂತವು ಅಪೂರ್ಣವಾಗಿದ್ದರೂ, ನಮ್ಮೊಳಗಿನ ಜೀವಿಗಳಲ್ಲಿ ಹಿತಕಾರಿಗಳೂ ಉಂಟೆಂಬ ವಿಚಾರವು ಉಳಿದುಕೊಂಡಿತು.

ಸ್ಥೂಲಕಾಯದೊಡನೆ ಈ ವಿಚಾರವನ್ನು ಜೋಡಿಸಿದ ಪ್ರಯೋಗಗಳು ನಡೆದದ್ದು ನಮ್ಮ ಕಾಲದಲ್ಲಿಯೇ. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಮತ್ತು ಅವರ ಸಹೋದ್ಯೋಗಿಗಳು, ಹುಟ್ಟಿನಿಂದಲೂ ಸೂಕ್ಷ್ಮಜೀವಿಗಳ ಸೋಂಕಿಲ್ಲದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಜೀವಿಗಳನ್ನು ಸೇರಿಸಿದರು. ಎರಡೇ ವಾರಗಳಲ್ಲಿ ಅವುಗಳ ಮೈಗೊಬ್ಬು ಸುಮಾರು ಶೇಕಡಾ 60ರಷ್ಟು ಹೆಚ್ಚಿತು. ಅವು ತಿಂದ ಆಹಾರವಾದರೋ ಮೊದಲಿಗಿಂತ ಕಡಿಮೆ! 2004ರಲ್ಲಿ ಪ್ರಕಟವಾದ ಈ ಫಲಿತಾಂಶವು ವಿದ್ವಾಂಸರನ್ನು ಬೆರಗುಗೊಳಿಸಿತು. ಇಲಿಗೆ ಜೀರ್ಣವಾಗದ ನಾರನ್ನು ಸೂಕ್ಷ್ಮಜೀವಿಗಳು ಒಡೆದು ಶಕ್ತಿಯನ್ನು ಒದಗಿಸುತ್ತಿದ್ದವು. ಆ ಶಕ್ತಿಯು ಕೊಬ್ಬಾಗಿ ಶೇಖರವಾಗಲೂ ಪ್ರೇರಣೆ ನೀಡುತ್ತಿದ್ದವು. ಸ್ಥೂಲ ಇಲಿಯ ಜೀವಿಗಳನ್ನು ಪಡೆದ ಇಲಿಗಳಲ್ಲಿ ಕೊಬ್ಬು ಇನ್ನೂ ಅಧಿಕವಾಗಿ ಸೇರುವುದು 2006ರಲ್ಲಿ ಕಂಡುಬಂದಿತು.

ಇದೇ ತಂಡವು 2013ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಮಾರ್ಮಿಕವಾದುದು. ಒಬ್ಬರು ಸ್ಥೂಲರೂ ಮತ್ತೊಬ್ಬರು ಕೃಶರೂ ಆದ ಅವಳಿ ಸೋದರಿಯರ ಕರುಳಿನ ಜೀವಿಗಳನ್ನು ಬೇರೆ ಬೇರೆ ಇಲಿಗಳಿಗೆ ಸೇರಿಸಲಾಯಿತು. ಸ್ಥೂಲ ಸೋದರಿಯ ಜೀವಿಗಳನ್ನು ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಇರಿಸಿದಾಗ, ಕೃಶ ಸೋದರಿಯ ಜೀವಿಗಳು ಇತರ ಇಲಿಗಳಲ್ಲಿಯೂ ನೆಲೆಸಿ ಅವು ಕೊಬ್ಬದಂತೆ ಕಾಪಾಡಿದವು. ಆದರೆ ಹಣ್ಣುತರಕಾರಿ ಅಧಿಕವಾಗಿದ್ದು ಜಿಡ್ಡು ಅಲ್ಪವಾಗಿದ್ದ ಆಹಾರವನ್ನು ಕೊಟ್ಟಾಗ ಮಾತ್ರ ಇದು ಸಾಧ್ಯವಾಯಿತು. ಜಿಡ್ಡು ಹೆಚ್ಚಿ ಹಣ್ಣುತರಕಾರಿ ಕಡಿಮೆಯಾದಾಗ ಆ ರಕ್ಷಣೆ ದೊರೆಯಲಿಲ್ಲ.

ಮನುಷ್ಯರ ವಿಷಯದಲ್ಲಿ ಫಲವು ಇಷ್ಟು ಸ್ಪಷ್ಟವಾಗಿಲ್ಲ. ಕೃಶರ ಕರುಳಿನ ಜೀವಿಗಳನ್ನು ಸ್ಥೂಲಕಾಯದ ಪುರುಷರಿಗೆ ಸೇರಿಸಿದ ಆಮ್‌ಸ್ಟರ್‌ಡ್ಯಾಮಿನ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಆರು ವಾರಗಳ ತರುವಾಯ ಅವರ ದೇಹವು ಇನ್ಸುಲಿನ್ನಿಗೆ ಸ್ಪಂದಿಸುವ ಗುಣವು ಸುಧಾರಿಸಿತು, ತೂಕವು ಇಳಿಯಲಿಲ್ಲ. ನಾರನ್ನು ಹುದುಗಿಸಿ ಈ ಜೀವಿಗಳು ಉತ್ಪಾದಿಸುವ ಕೆಲವು ಆಮ್ಲಗಳು ದೊಡ್ಡ ಕರುಳಿನ ಕೋಶಗಳಿಗೆ ಆಹಾರವಾಗುತ್ತವೆ, ತೃಪ್ತಿಯನ್ನು ಸೂಚಿಸುವ ಹಾರ್ಮೋನುಗಳನ್ನು ಪ್ರಚೋದಿಸುತ್ತವೆ ಎಂಬುದು ತಿಳಿದಿದೆ. ಆದರೆ ಬೊಜ್ಜನ್ನು ಕರಗಿಸುವುದಾಗಿ ಸಾರುವ ಪುಡಿಗುಳಿಗೆಗಳನ್ನು ನಂಬಿ ಹಣ ಚೆಲ್ಲುವುದಕ್ಕೆ ಇಷ್ಟು ಆಧಾರವು ಸಾಲದು. ಮೆಚ್ನಿಕಾಫ್‌ರಂಥ ಮಹಾವಿಜ್ಞಾನಿಯೇ ಅವಸರಪಟ್ಟು ಎಡವಿದ ಹಾದಿಯಿದು.

ಈ ಚರಿತ್ರೆಯಿಂದ ಸದ್ಭಕ್ತರು ಗ್ರಹಿಸಬೇಕಾದ ಅಂಶಗಳು ಎರಡು. ಒಂದು, ನಾವು ಉಣ್ಣುವ ಅನ್ನವು ನಮಗೊಬ್ಬರಿಗೇ ಸಲ್ಲುವುದಲ್ಲ. ಒಳಗಿರುವ ಕೋಟಿ ಕೋಟಿ ಜೀವಿಗಳಿಗೂ ಅದರಿಂದಲೇ ದಾಸೋಹ ನಡೆಯಬೇಕು. ರಾಗಿ, ಜೋಳ, ಕಾಳು, ಸೊಪ್ಪುಗಳ ನಾರು ಅವುಗಳ ಪಾಲು. ಎರಡು, ದೇಹದ ಗಾತ್ರವನ್ನು ನೋಡಿ ಮನಸ್ಸಿನ ಸಂಯಮವನ್ನು ಅಳೆಯಲಾಗದು. ಪಂಕ್ತಿಯಲ್ಲಿ ಕುಳಿತ ಸ್ಥೂಲಕಾಯದ ಬಾಲಕನ ಎಲೆಯನ್ನು ನೋಡಿ ಯಾರಾದರೂ ನಕ್ಕರೆ ಅವನು ಅರ್ಧ ತುತ್ತಿಗೇ ಎದ್ದುಹೋಗುತ್ತಾನೆ. ಪ್ರಸಾದವನ್ನು ಬಿಟ್ಟು ಏಳುವಂತೆ ಮಾಡಿದ ಆ ನಗೆಯೇ ನಿಗ್ರಹಿಸಬೇಕಾದ ಚಾಪಲ್ಯ. ಮಿತಾಹಾರವನ್ನು ಬೋಧಿಸೋಣ, ಆ ಬೋಧನೆಯೊಡನೆ ದಯೆಯೂ ಇರಲಿ.