ಮನೆಗೆ ಬಳಸುವ ಕೊಳವೆಬಾವಿ ನೀರಿನ ಪರೀಕ್ಷೆ

ತೋಟದ ಕೊಳವೆಬಾವಿಯ ನೀರನ್ನೇ ಮನೆಗೂ ಬಳಸುವ ರೈತರು ನೀರಾವರಿಗಾಗಿ ಮಾಡಿಸಿದ ಪರೀಕ್ಷಾ ವರದಿಯನ್ನು ತೋರಿಸಿ, ಇದು ಕುಡಿಯಲು ಯೋಗ್ಯವೇ ಎಂದು ಕೇಳುವುದುಂಟು. ಆ ವರದಿಯಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ಅದರಲ್ಲಿ ರಸಸಾರ, ವಿದ್ಯುತ್ ವಾಹಕತೆ, ಸೋಡಿಯಂ, ಬೈಕಾರ್ಬೋನೇಟ್ ಮುಂತಾದ ಅಂಶಗಳಿರುತ್ತವೆ. ಆರೋಗ್ಯಕ್ಕೆ ಮುಖ್ಯವಾದ ಫ್ಲೋರೈಡ್, ನೈಟ್ರೇಟ್ ಮತ್ತು ರೋಗಕಾರಕ ಸೂಕ್ಷ್ಮಾಣುಗಳ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಮಾದರಿ ನೀಡುವಾಗಲೇ ‘ಕುಡಿಯುವ ಬಳಕೆಗೆ’ ಎಂದು ತಿಳಿಸಿರಿ.

ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು, ಹಂಡೆಯೊಳಗೆ ಬಿಳಿ ಪದರ ಕಟ್ಟುವುದು ಗಡಸುತನದ ಗುರುತುಗಳು. ಹಿಡಿದಿಟ್ಟ ನೀರು ಕೆಂಪಾಗಿ ಬಟ್ಟೆಗೆ ತುಕ್ಕಿನ ಕಲೆ ಹತ್ತಿದರೆ ಕಬ್ಬಿಣದ ಅಂಶವಿದೆ. ಇವು ಮನೆಗೆಲಸಕ್ಕೆ ತೊಂದರೆ ಕೊಡುತ್ತವೆಯೇ ಹೊರತು ಆರೋಗ್ಯಕ್ಕೆ ಅಷ್ಟಾಗಿ ಅಪಾಯಕಾರಿಯಲ್ಲ. ನಿಜವಾಗಿ ಹಾನಿ ಮಾಡುವ ಫ್ಲೋರೈಡ್ ಮತ್ತು ನೈಟ್ರೇಟ್‌ಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಾಲಿಗೆಗೂ ತಿಳಿಯವು.

ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ ಜಿಲ್ಲೆಗಳಲ್ಲಿ ಮತ್ತು ಪಾವಗಡದಂತಹ ತಾಲ್ಲೂಕುಗಳಲ್ಲಿ ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಶಿಲೆಯಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಸುಣ್ಣದಂಶ ಕಡಿಮೆಯಿದ್ದು ಬೈಕಾರ್ಬೋನೇಟ್ ಹೆಚ್ಚಿರುವ ನೀರಿನಲ್ಲಿ ಇದು ಅಧಿಕ. ಅಂದರೆ ಚೆನ್ನಾಗಿ ನೊರೆ ಬರುವ ‘ಮೆದು ನೀರು’ ಸುರಕ್ಷಿತವೆಂದು ನಂಬುವಂತಿಲ್ಲ. ಅದೇ ಊರಿನಲ್ಲಿ ಬೆಳೆದ ಮಕ್ಕಳ ಹಲ್ಲುಗಳಲ್ಲಿ ಸುಣ್ಣದಂತಹ ಬಿಳುಪು ಅಥವಾ ಕಂದು ಪಟ್ಟೆ ಕಂಡರೆ ತಡಮಾಡದೆ ಪರೀಕ್ಷಿಸಿರಿ.

ನೈಟ್ರೇಟ್‌ಗೆ ಮಿತಿ 45 ಮಿಲಿಗ್ರಾಂ, ಇದರಲ್ಲಿ ಸಡಿಲಿಕೆಯಿಲ್ಲ. ತಿಪ್ಪೆಗುಂಡಿ, ಕೊಟ್ಟಿಗೆ, ಶೌಚಗುಂಡಿ ಅಥವಾ ಯೂರಿಯಾ ಹೆಚ್ಚು ಸುರಿಯುವ ತೋಟ ಬಾವಿಯ ಪಕ್ಕದಲ್ಲಿದ್ದರೆ ಅನುಮಾನಿಸಿರಿ. ಆರು ತಿಂಗಳೊಳಗಿನ ಶಿಶುವಿಗೆ ಇಂತಹ ನೀರಿನಲ್ಲಿ ಹಾಲುಪುಡಿ ಕಲಸಿ ಕೊಟ್ಟರೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟಬಹುದು. ನೀರನ್ನು ಕುದಿಸುವುದರಿಂದ ಸೂಕ್ಷ್ಮಾಣುಗಳು ಸಾಯುತ್ತವೆ. ಆದರೆ ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಈ ಮಾತನ್ನು ವಿಸ್ತರಣಾ ಕಾರ್ಯಕರ್ತರು ಬಾಣಂತಿಯರಿರುವ ಮನೆಗಳಲ್ಲಿ ವಿಶೇಷವಾಗಿ ತಿಳಿಸಬೇಕು.

ಮಾದರಿ ತಪ್ಪಾದರೆ ವರದಿಯೂ ತಪ್ಪು. ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಕ್ಯಾನ್ ಬಳಸಿರಿ. ಕೀಟನಾಶಕದ ಡಬ್ಬಿಯನ್ನು ಎಷ್ಟೇ ತೊಳೆದರೂ ಬಳಸಕೂಡದು. ಮೋಟರನ್ನು 10 ನಿಮಿಷ ಓಡಿಸಿ, ಅದೇ ನೀರಿನಿಂದ ಕ್ಯಾನನ್ನು ಮೂರು ಬಾರಿ ಗಲಬರಿಸಿ, ಅಂಚಿನವರೆಗೆ ತುಂಬಿ ಮುಚ್ಚಿರಿ. ಹೆಸರು, ದಿನಾಂಕ, ಬಾವಿಯ ಆಳ ಬರೆದು ಅಂಟಿಸಿರಿ. ಸೂಕ್ಷ್ಮಾಣು ಪರೀಕ್ಷೆಯ ವಿಧಾನವೇ ಬೇರೆ. ಪ್ರಯೋಗಾಲಯವು ಕೊಡುವ ಕ್ರಿಮಿಶುದ್ಧ ಬಾಟಲಿಯನ್ನೇ ತನ್ನಿರಿ, ಅದನ್ನು ತೊಳೆಯಬೇಡಿರಿ, ಮುಚ್ಚಳದ ಒಳಭಾಗ ಮುಟ್ಟಬೇಡಿರಿ. ತುಂಬಿದ ಮೇಲೆ ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿರಿ. 100 ಮಿಲಿ ಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಕಾಣಿಸಕೂಡದು.

ಗ್ರಾಮ ಪಂಚಾಯಿತಿಯಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್ ಮೊದಲ ಶೋಧನೆಗೆ ಸಾಕು. ಜಲಜೀವನ್ ಮಿಷನ್ ಅಡಿ ಇದರ ಬಳಕೆಗೆ ಗ್ರಾಮದ ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ಬಣ್ಣ ನೋಡಿ ಅಂದಾಜಿಸುವ ಈ ವಿಧಾನದಲ್ಲಿ ಫಲಿತಾಂಶ ಮಿತಿಯ ಆಸುಪಾಸಿನಲ್ಲಿ ಬಂದರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿರಿ.

ಸೂಕ್ಷ್ಮಾಣು ದೋಷಕ್ಕೆ 1000 ಲೀಟರ್ ನೀರಿಗೆ 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ಗಂಟೆ ಬಿಟ್ಟು ಬಳಸಿರಿ. ಕೊಳೆನೀರು ಎಲ್ಲಿಂದ ಸೇರುತ್ತಿದೆ ಎಂಬುದನ್ನೂ ಹುಡುಕಿರಿ. ಫ್ಲೋರೈಡ್, ನೈಟ್ರೇಟ್‌ಗಳಿಗೆ ಕ್ಯಾಂಡಲ್ ಫಿಲ್ಟರ್ ನಿಷ್ಪ್ರಯೋಜಕ. ಆರ್‌ಒ ಘಟಕದ ನೀರು, ಇಲ್ಲವೇ ಶುದ್ಧವಾಗಿ ಸಂಗ್ರಹಿಸಿದ ಚಾವಣಿಯ ಮಳೆನೀರನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ಮೀಸಲಿಟ್ಟರೂ ಸಾಕು. ಸ್ನಾನ, ಬಟ್ಟೆಗಳಿಗೆ ಹಳೆಯ ನೀರನ್ನೇ ಬಳಸಬಹುದು.

ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ಸೂಕ್ಷ್ಮಾಣು ಪರೀಕ್ಷೆ ಮಳೆಗಾಲದ ಮೊದಲು ಮತ್ತು ನಂತರ ಆಗಲಿ. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಹಳೆಯ ವರದಿಯನ್ನು ಬದಿಗಿಟ್ಟು ಹೊಸದಾಗಿ ಪರೀಕ್ಷಿಸಿರಿ.